ಹೆಣ್ಣಿನ ಮೈಗೆ ಕತ್ತರಿ, ಬಾಂಬಿಗೆ ಚಪ್ಪಾಳೆ

2023ರ ಜುಲೈ 21ರಂದು ಜಗತ್ತಿನ ಟಾಕೀಸುಗಳಿಗೆ ಎರಡು ಸಿನಿಮಾಗಳು ಒಟ್ಟಿಗೇ ಬಂದವು. ಒಂದು ಗ್ರೆಟಾ ಗರ್ವಿಗ್ ನಿರ್ದೇಶನದ ‘ಬಾರ್ಬಿ’, ಇನ್ನೊಂದು ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಓಪನ್‌ಹೈಮರ್’. ಮೊದಲನೆಯದರಲ್ಲಿ ಗುಲಾಬಿ ಮನೆ, ಗುಲಾಬಿ ಕಾರು, ನಗುವ ಬೊಂಬೆ. ಎರಡನೆಯದರಲ್ಲಿ ಟೋಪಿ ಧರಿಸಿ ಸಿಗರೇಟು ಸೇದುವ ವಿಜ್ಞಾನಿ, ಅವನ ಹಿಂದೆ ಬೆಂಕಿಯ ಗೋಡೆ. ಎರಡೂ ಹೆಸರನ್ನು ಬೆಸೆದು ‘ಬಾರ್ಬೆನ್‌ಹೈಮರ್’ ಎಂಬ ಪದವನ್ನು ಹುಟ್ಟಿಸಲಾಯಿತು. ಬೆಳಿಗ್ಗೆ ಒಂದು, ಸಂಜೆ ಒಂದು ನೋಡುವುದೇ ಅಂದಿನ ಫ್ಯಾಷನ್ ಆಯಿತು. ‘ಬಾರ್ಬಿ’ ಸುಮಾರು 140 ಕೋಟಿ ಡಾಲರ್ ಬಾಚಿಕೊಂಡಿತು. ‘ಓಪನ್‌ಹೈಮರ್’ 95 ಕೋಟಿ ಡಾಲರ್ ಗಳಿಸಿ, ಮರುವರ್ಷ 7 ಆಸ್ಕರ್ ಪ್ರಶಸ್ತಿಗಳನ್ನೂ ಹೊತ್ತುಕೊಂಡು ಹೋಯಿತು.

ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ರೈಸ್ ಮಿಲ್ಲುಗಳ ನಡುವೆ ಬದುಕುವ ಮಲೆಬೆನ್ನೂರಿನವರಿಗೆ ಹಾಲಿವುಡ್ಡಿನ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ಈ ಸಿನಿಮಾಗಳು ಇಂದು ದಾವಣಗೆರೆಯ ಟಾಕೀಸಿಗೆ ಬರಲಿ ಬಿಡಲಿ, ನಮ್ಮ ಮಕ್ಕಳ ಮೊಬೈಲಿಗಂತೂ ಬಂದೇ ಬರುತ್ತವೆ. ಬಂದಾಗ ಒಂದು ಪಾಠವನ್ನೂ ಹೊತ್ತು ತರುತ್ತವೆ. ಹೆಣ್ತನವೆಂದರೆ ಬಣ್ಣ, ಬಟ್ಟೆ, ಆಟ. ಅಣುವೆಂದರೆ ಗಂಡಸು, ಬುದ್ಧಿ, ಇತಿಹಾಸ. ಒಂದು ಹಗುರ, ಇನ್ನೊಂದು ಘನ. ಒಂದು ಮನೆಯೊಳಗಿನದು, ಇನ್ನೊಂದು ಲೋಕದ ಹಣೆಬರಹ ಬರೆಯುವಂಥದು. ಈ ಪಾಠ ಸುಳ್ಳು ಎಂಬುದು ನಮ್ಮ ವಾದ. ಬಾಂಬು ಮತ್ತು ಹೆಣ್ತನವನ್ನು ಎದುರುಬದುರು ಕೂರಿಸುವ ಸಿನಿಮಾ, ಅವೆರಡರ ನಡುವಿನ ಹಳೆಯ ಸಂಬಂಧವನ್ನೇ ಮುಚ್ಚಿಡುತ್ತಿದೆ. ಮುಚ್ಚಿಡುವ ಕೆಲಸದಲ್ಲಿ ಸೆನ್ಸಾರ್ ಮಂಡಳಿಗಳೂ, ಎಲ್ಲ ಧರ್ಮಗಳ ಕಾವಲುಗಾರರೂ ಕೈಜೋಡಿಸಿದ್ದಾರೆ.

ಬಾಂಬಿಗೆ ಉಡಿಸಿದ ಸೀರೆ

ಹಳೆಯ ಸಂಬಂಧ ಯಾವುದು? 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬು ಸುರಿದ ವಿಮಾನದ ಹೆಸರು ‘ಎನೋಲಾ ಗೇ’. ಅದು ಆ ವಿಮಾನ ನಡೆಸಿದ ಪಾಲ್ ಟಿಬೆಟ್ಸ್‌ನ ತಾಯಿಯ ಹೆಸರು. ವಿಮಾನಕ್ಕೆ ಹೆತ್ತವ್ವನ ಹೆಸರು. ಅದರ ಹೊಟ್ಟೆಯೊಳಗಿನ ಬಾಂಬಿಗೆ ‘ಲಿಟಲ್ ಬಾಯ್’, ಅಂದರೆ ಪುಟ್ಟ ಹುಡುಗ, ಎಂಬ ಹೆಸರು. 1952ರಲ್ಲಿ ಜಲಜನಕ ಬಾಂಬಿನ ಪರೀಕ್ಷೆ ಯಶಸ್ವಿಯಾದಾಗ ವಿಜ್ಞಾನಿ ಎಡ್ವರ್ಡ್ ಟೆಲ್ಲರ್ ತನ್ನ ಗೆಳೆಯರಿಗೆ ಕಳಿಸಿದ ತಂತಿ ಸಂದೇಶದ ಅರ್ಥ, ಗಂಡು ಮಗು ಹುಟ್ಟಿದೆ ಎಂದು. ಗಂಡು ಹುಟ್ಟಿದರೆ ಪೇಡೆ ಹಂಚಿ, ಹೆಣ್ಣು ಹುಟ್ಟಿದರೆ ಮುಖ ಗಂಟಿಕ್ಕುವ ಚಾಳಿ ನಮ್ಮೂರ ಕಡೆಯ ಅನಕ್ಷರಸ್ಥರದು ಮಾತ್ರ ಎಂದುಕೊಂಡಿದ್ದವರು ಈ ತಂತಿಯನ್ನು ನೆನಪಿಡಬೇಕು.

ಸಿನಿಮಾದ ಪಾಲು ಇನ್ನೂ ನೇರ. 1946ರಲ್ಲಿ ರೀಟಾ ಹೇವರ್ತ್ ಎಂಬ ನಟಿಯ ‘ಗಿಲ್ಡಾ’ ಸಿನಿಮಾ ಬಂತು. ಅದೇ ವರ್ಷ ಜುಲೈ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಅಣುಬಾಂಬಿನ ಮೇಲೆ ‘ಗಿಲ್ಡಾ’ ಎಂದು ಬರೆದು, ಆ ನಟಿಯ ಚಿತ್ರವನ್ನೂ ಅಂಟಿಸಲಾಗಿತ್ತು. ಅದಾದ ನಾಲ್ಕೇ ದಿನಕ್ಕೆ, ಜುಲೈ 5ರಂದು, ಪ್ಯಾರಿಸ್ಸಿನಲ್ಲಿ ಲೂಯಿ ರೆಯಾರ್ ಎಂಬಾತ ಒಂದು ತುಂಡು ಈಜುಡುಗೆಯನ್ನು ಪ್ರದರ್ಶನಕ್ಕಿಟ್ಟು ಅದಕ್ಕೆ ‘ಬಿಕಿನಿ’ ಎಂದು ಹೆಸರಿಟ್ಟ. ಆ ಉಡುಗೆಯನ್ನು ಬೈದು ಲೇಖನ ಬರೆದವರು, ಭಾಷಣ ಮಾಡಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬಿಕಿನಿ ಒಂದು ಊರಿನ ಹೆಸರು, ಅಲ್ಲಿಯ ಜನರನ್ನು ಒಕ್ಕಲೆಬ್ಬಿಸಿ 1958ರವರೆಗೆ 23 ಬಾಂಬುಗಳನ್ನು ಸಿಡಿಸಲಾಯಿತು ಎಂಬುದನ್ನು ಅವರಲ್ಲಿ ಎಷ್ಟು ಮಂದಿ ಹೇಳಿದ್ದಾರೆ? 1954ರ ಮಾರ್ಚ್ 1ರ ಸ್ಫೋಟದ ಬೂದಿ ಪಕ್ಕದ ರಾಂಗೆಲಾಪ್ ದ್ವೀಪದ ಮೇಲೆ ಹಿಮದಂತೆ ಉದುರಿತು. ಅಲ್ಲಿಯ ತಾಯಂದಿರು ಮೂಳೆಯಿಲ್ಲದ, ಆಕಾರವಿಲ್ಲದ ಕೂಸುಗಳನ್ನು ಹೆತ್ತ ಕಥೆಯನ್ನು ಮುಂದೆ ಲೋಕದೆದುರು ಹೇಳಿಕೊಂಡರು. ಉಡುಗೆ ಎಲ್ಲರಿಗೂ ಕಂಡಿತು, ಊರು ಯಾರಿಗೂ ಕಾಣಲಿಲ್ಲ.

ನಾವೇನು ಕಡಿಮೆಯಲ್ಲ. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ನಡೆಸಿದ ಅಣುಪರೀಕ್ಷೆಗಳಿಗೆ ನಾವಿಟ್ಟ ಹೆಸರು ‘ಶಕ್ತಿ’. ಸ್ಫೋಟ ನಡೆದ ಜಾಗದಲ್ಲಿ ಶಕ್ತಿದೇವಿಯ ಗುಡಿ ಕಟ್ಟಬೇಕೆಂದು ವಿಶ್ವ ಹಿಂದೂ ಪರಿಷತ್ತು ಹೊರಟಿತು. ಇತ್ತ ಶಿವಸೇನೆಯ ಬಾಳ ಠಾಕ್ರೆ, ನಾವು ನಪುಂಸಕರಲ್ಲ ಎಂದು ತೋರಿಸಬೇಕಿತ್ತು ಎಂಬರ್ಥದ ಮಾತಾಡಿದರು. ಹೆಸರು ಹೆಣ್ಣಿನದು, ಸಾಬೀತಾಗಬೇಕಿದ್ದದ್ದು ಗಂಡಸ್ತನ! ಅಣುಶಕ್ತಿಯನ್ನು ಖಾಸಗಿ ಕಂಪೆನಿಗಳಿಗೆ ತೆರೆಯಲು ಸಂಸತ್ತು 2025ರ ಡಿಸೆಂಬರಿನಲ್ಲಿ ಒಪ್ಪಿದ ಕಾಯ್ದೆಗೆ ‘ಶಾಂತಿ’ ಎಂಬ ಚುಟುಕು ಹೆಸರು. ಶಕ್ತಿ, ಶಾಂತಿ ಎಂದು ಹೆಣ್ಣುಮಕ್ಕಳಿಗೆ ಇಡುವ ಹೆಸರುಗಳನ್ನೇ ಆರಿಸುವವರು, ಆ ಹೆಣ್ಣುಮಕ್ಕಳ ಅಭಿಪ್ರಾಯವನ್ನು ಎಂದಾದರೂ ಕೇಳಿದ್ದಾರೆಯೇ?

ಕತ್ತರಿ ಯಾರ ಮೇಲೆ?

‘ಓಪನ್‌ಹೈಮರ್’ ನಮ್ಮ ದೇಶಕ್ಕೆ ಬಂದಾಗ ಎದ್ದ ಗದ್ದಲವನ್ನು ಈಗ ಸಾವಧಾನದಿಂದ ನೋಡೋಣ. ಚಿತ್ರದ ಒಂದು ದೃಶ್ಯದಲ್ಲಿ ಓಪನ್‌ಹೈಮರ್ ತನ್ನ ಪ್ರೇಯಸಿ ಜೀನ್ ಟ್ಯಾಟ್ಲಾಕ್‌ಳೊಂದಿಗೆ ಏಕಾಂತದಲ್ಲಿದ್ದಾಗ ಆಕೆ ಅವನಿಂದ ಭಗವದ್ಗೀತೆಯ ಸಾಲೊಂದನ್ನು ಓದಿಸುತ್ತಾಳೆ. ಇದು ಧರ್ಮಕ್ಕೆ ಅಪಚಾರವೆಂದು ಆಗ ಕೇಂದ್ರ ಮಾಹಿತಿ ಆಯುಕ್ತರಾಗಿದ್ದ ಉದಯ್ ಮಾಹೂರ್ಕರ್ ಅವರು ನಿರ್ದೇಶಕನಿಗೆ ಬಹಿರಂಗ ಪತ್ರ ಬರೆದರು. ಮಂತ್ರಿಗಳು ಸೆನ್ಸಾರ್ ಮಂಡಳಿಯನ್ನು ತರಾಟೆಗೆ ತೆಗೆದುಕೊಂಡ ವರದಿಗಳು ಬಂದವು. ಇನ್ನೊಂದು ದೃಶ್ಯದಲ್ಲಿ ಕುರ್ಚಿಯ ಮೇಲೆ ಬೆತ್ತಲೆ ಕುಳಿತ ಆ ನಟಿಗೆ ಕಂಪ್ಯೂಟರಿನ ಸಹಾಯದಿಂದ ಕಪ್ಪು ಉಡುಪು ತೊಡಿಸಿ ಇಲ್ಲಿ ತೋರಿಸಲಾಯಿತು.

ಪರದೆಯ ಮೇಲಿನ ಬೆತ್ತಲೆಯನ್ನು ನಾವು ಸಮರ್ಥಿಸುತ್ತಿಲ್ಲ. ಮನೆಮಂದಿಯೊಂದಿಗೆ ಕೂತು ನೋಡಲಾಗದ ದೃಶ್ಯ ಬೇಡವೆನ್ನುವ ಹಕ್ಕು ಪ್ರೇಕ್ಷಕನಿಗಿದೆ. ನಮ್ಮ ಪ್ರಶ್ನೆ ಬೇರೆ. ಅದೇ ಗೀತೆಯ ಮಾತು ಚಿತ್ರದಲ್ಲಿ ಮತ್ತೊಮ್ಮೆ ಕೇಳಿಬರುತ್ತದೆ. ಆಗ ತೆರೆಯ ಮೇಲಿರುವುದು 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಸಿಡಿದ ಮೊದಲ ಅಣುಬಾಂಬು. ನಾಲ್ಕು ವಾರ ಕಳೆಯುವಷ್ಟರಲ್ಲಿ ಎರಡು ನಗರಗಳನ್ನು ಸುಟ್ಟ ಅಸ್ತ್ರದ ಬಾಯಿಗೆ ಕೋಟ್ಯಂತರ ಜನ ಪವಿತ್ರವೆಂದು ಪಠಿಸುವ ಗ್ರಂಥದ ಮಾತನ್ನು ತುರುಕಿದಾಗ ಅದು ಅಪಚಾರವೆಂದು ಅಬ್ಬರಿಸಿದವರು ನಮಗೆ ಕಾಣಲಿಲ್ಲ. ಅಮೆರಿಕದ ವಿಜ್ಞಾನಿಗೂ ನಮ್ಮ ಗೀತೆಯೇ ಬೇಕಾಯಿತು ನೋಡಿ ಎಂಬ ಹೆಮ್ಮೆಯ ಮಾತುಗಳೇ ಹೆಚ್ಚು ಕೇಳಿಸಿದವು. ಹೆಣ್ಣಿನ ಪಕ್ಕದಲ್ಲಿ ಗ್ರಂಥವಿದ್ದರೆ ಮೈಲಿಗೆ, ಬಾಂಬಿನ ಪಕ್ಕದಲ್ಲಿದ್ದರೆ ಗೌರವ. ಇದೆಂಥ ಮಡಿ?

ಇದನ್ನು ಓದಿ ಮುಸ್ಲಿಂ ಓದುಗರು ಮುಸಿಮುಸಿ ನಗಬೇಕಾಗಿಲ್ಲ. ‘ಬಾರ್ಬಿ’ ಸಾರ್ವಜನಿಕ ನೀತಿಗೆ ಧಕ್ಕೆಯೆಂದು 2023ರ ಆಗಸ್ಟಿನಲ್ಲಿ ಕುವೈತ್ ಅದನ್ನು ನಿಷೇಧಿಸಿತು. ಅಲ್ಜೀರಿಯಾ ಕೆಲವು ವಾರ ಓಡಿದ ಮೇಲೆ ಕಿತ್ತುಹಾಕಿತು. ಪಾಕಿಸ್ತಾನದ ಪಂಜಾಬ್ ಪ್ರಾಂತ ಬಿಡುಗಡೆಯ ಹೊತ್ತಿಗೆ ತಡೆಹಿಡಿದು ಪರಿಶೀಲನೆಗೆ ಕೂತಿತು. ಅದೇ ಪಾಕಿಸ್ತಾನ 1998ರ ಮೇ 28ರಂದು ಬಲೂಚಿಸ್ತಾನದ ಚಾಗೈ ಬೆಟ್ಟದಲ್ಲಿ ಬಾಂಬು ಸಿಡಿಸಿ, ಆ ದಿನಕ್ಕೆ ‘ಯೌಮೆ ತಕ್ಬೀರ್’ ಎಂದು ಹೆಸರಿಟ್ಟು, ಸುಟ್ಟ ಬೆಟ್ಟದ ಮಾದರಿಯನ್ನು ರಾಜಧಾನಿಯ ರಸ್ತೆಯಲ್ಲಿ ನಿಲ್ಲಿಸಿತ್ತು. ಸೃಷ್ಟಿಕರ್ತನ ಹಿರಿಮೆಯನ್ನು ಸಾರುವ ತಕ್ಬೀರನ್ನು, ಸೃಷ್ಟಿಯನ್ನೇ ಸುಡುವ ಯಂತ್ರಕ್ಕೆ ಕಟ್ಟುವುದು ಅಪಚಾರವಲ್ಲವೇ? ಬೊಂಬೆಯ ಲಂಗಕ್ಕೆ ನಡುಗುವ ಈಮಾನು ಬಾಂಬಿನೆದುರು ಯಾಕೆ ನಡುಗುವುದಿಲ್ಲ? ಬಾರ್ಬಿಗೆ ಪ್ರತಿಯಾಗಿ 2003ರಲ್ಲಿ ‘ಫುಲ್ಲಾ’ ಎಂಬ ಬೊಂಬೆಯನ್ನು ಅರಬ್ ಮಾರುಕಟ್ಟೆಗೆ ಬಿಟ್ಟರು. ಅದಕ್ಕೆ ಅಬಾಯ ತೊಡಿಸಿದರು. ಹೆಣ್ಣಿನ ಉಡುಪು ಬದಲಾಯಿತು. ಹೆಣ್ಣೆಂದರೆ ತೊಡಿಸುವ, ಬಿಚ್ಚಿಸುವ ಬೊಂಬೆ ಎಂಬ ಲೆಕ್ಕಾಚಾರ ಹಾಗೆಯೇ ಉಳಿಯಿತು.

ಹಾಗೆಂದು ‘ಬಾರ್ಬಿ’ಯನ್ನು ಹೆಣ್ಣಿನ ವಿಮೋಚನೆಯ ಬಾವುಟವೆಂದು ಎತ್ತಿ ಹಿಡಿಯಲೂ ನಾವು ಸಿದ್ಧರಿಲ್ಲ. 1959ರಿಂದ ಆ ಬೊಂಬೆಯನ್ನು ಮಾರುತ್ತ ಬಂದ ಕಂಪೆನಿಯೇ ಚಿತ್ರದಲ್ಲೂ ಪಾಲುದಾರ. ತನ್ನನ್ನು ತಾನೇ ಗೇಲಿ ಮಾಡಿಕೊಂಡು ತನ್ನ ಸರಕನ್ನು ಮಾರುವ ಜಾಣತನ ಅದು. ಆದರೂ ಒಂದು ಮಾತು ಒಪ್ಪಬೇಕು. ಆ ಸಿನಿಮಾದಲ್ಲಿ ಹೆಂಗಸರು ತಮ್ಮತಮ್ಮಲ್ಲೇ ಮಾತಾಡುತ್ತಾರೆ, ವಯಸ್ಸಾಗುವುದರ ಬಗ್ಗೆ, ಸಾವಿನ ಬಗ್ಗೆ ಯೋಚಿಸುತ್ತಾರೆ. ಸಾವೇ ವಸ್ತುವಾಗಿರುವ ‘ಓಪನ್‌ಹೈಮರ್’ನಲ್ಲಿ ಹೆಂಗಸರಿಗೆ ಸಿಕ್ಕಿದ್ದು ಹಾಸಿಗೆ, ಕಣ್ಣೀರು, ಮದ್ಯದ ಲೋಟ. ಲಿಲ್ಲಿ ಹಾರ್ನಿಗ್ ಎಂಬ ರಸಾಯನ ವಿಜ್ಞಾನಿಗೆ, ನಿನಗೆ ಟೈಪಿಂಗ್ ಬರುತ್ತದೆಯೇ ಎಂದು ಕೇಳಲಾಯಿತು ಎಂಬ ಒಂದು ಸಣ್ಣ ಪ್ರಸಂಗವಿದೆ. ಆಕೆಯ ಪಾತ್ರ ಅಲ್ಲಿ ಚಿಕ್ಕದು. ಪರಮಾಣು ಸೀಳುವುದೆಂದರೇನು ಎಂದು 1939ರ ಆರಂಭದಲ್ಲಿ ತನ್ನ ಸೋದರಳಿಯನ ಜೊತೆ ಸೇರಿ ಲೋಕಕ್ಕೆ ವಿವರಿಸಿದ ಲೀಸೆ ಮೈಟ್ನರ್‌ಗೆ ಅಲ್ಲಿ ಪಾತ್ರವೇ ಇಲ್ಲ. 1944ರ ನೊಬೆಲ್ ಪ್ರಶಸ್ತಿ ಆಕೆಯನ್ನು ಬಿಟ್ಟು ಆಟೋ ಹಾನ್ ಒಬ್ಬನಿಗೇ ಹೋಯಿತು. ಬಾಂಬು ಮಾಡಲು ಬಾ ಎಂದು ಕರೆದಾಗ ಆಕೆ ಹೋಗಲಿಲ್ಲ. ಒಲ್ಲೆ ಎಂದ ಹೆಂಗಸಿನ ಕಥೆಯಲ್ಲಿ ಸ್ಫೋಟವಿಲ್ಲವಲ್ಲ!

ನಮ್ಮ ಸಿನಿಮಾಗಳ ಕಥೆ

ಹಾಲಿವುಡ್ ಬಿಡಿ, ನಮ್ಮವರು ಏನು ಮಾಡಿದರು? 2018ರ ಮೇ ತಿಂಗಳಲ್ಲಿ ಬಂದ ಹಿಂದಿಯ ‘ಪರಮಾಣು’ ಪೋಖ್ರಾನಿನ ಕಥೆ. ಜಾನ್ ಅಬ್ರಹಾಂ ಅದರ ನಾಯಕ. ಗಂಡ ಗುಟ್ಟಾಗಿ ದೇಶಕಾರ್ಯದಲ್ಲಿ ತೊಡಗಿದ್ದರೆ, ಹೆಂಡತಿ ಅವನಿಗೆ ಬೇರೆ ಹೆಣ್ಣಿನ ಸಹವಾಸವಿದೆಯೆಂದು ಅನುಮಾನಿಸುತ್ತಾಳೆ. ಅಣುಬಾಂಬಿನ ಕಥೆಯಲ್ಲಿ ಗೃಹಿಣಿಗೆ ಸಿಕ್ಕ ಕೆಲಸ ಇದು. ದೇಶ ಕಟ್ಟಲು ಹೊರಟ ಗಂಡಸಿನ ಕಾಲಿಗೆ ತೊಡರುವ ಹಗ್ಗವಾಗಿ ಆಕೆಯನ್ನು ಬಳಸಿಕೊಂಡು, ಕೊನೆಗೆ ಆಕೆಯೂ ಹೆಮ್ಮೆಪಡುವಂತೆ ಮಾಡಿ ಕಥೆ ಮುಗಿಸುತ್ತಾರೆ. ಪೋಖ್ರಾನಿನ ಪಕ್ಕದ ಖೇತೋಲಾಯಿ ಹಳ್ಳಿಯವರು ಗೋಡೆ ಬಿರುಕುಬಿಟ್ಟ ಮನೆಗಳನ್ನು, ತಮ್ಮ ಮತ್ತು ತಮ್ಮ ದನಗಳ ಕಾಯಿಲೆಗಳನ್ನು ವರ್ಷಗಟ್ಟಲೆ ಹೇಳಿಕೊಂಡರು. ಆ ಹಳ್ಳಿಯ ಹೆಂಗಸಿನ ಅನುಮಾನಕ್ಕೆ ತೆರೆಯ ಮೇಲೆ ಜಾಗ ಸಿಗುವುದಿಲ್ಲ. ಅವಳ ಅನುಮಾನಕ್ಕೆ ಕಾರಣ ಗಂಡನಲ್ಲ, ಸರ್ಕಾರ.

ಇನ್ನೂ ಸೋಜಿಗದ ಉದಾಹರಣೆ ಕಮಲ್ ಹಾಸನ್ ಅವರ 2013ರ ‘ವಿಶ್ವರೂಪಂ’. ಮುಸ್ಲಿಂ ಸಂಘಟನೆಗಳ ಆಕ್ಷೇಪದ ಮೇಲೆ ತಮಿಳುನಾಡು ಸರ್ಕಾರ ಎರಡು ವಾರ ತಡೆ ಹಾಕಿ, ಕೆಲವು ಮಾತುಗಳನ್ನು ಅಳಿಸಿದ ಮೇಲೆ ಫೆಬ್ರವರಿ 7ರಂದು ಅಲ್ಲಿ ಬಿಡುಗಡೆಯಾದ ಚಿತ್ರ. ಆಕ್ಷೇಪ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಪ್ರಾರ್ಥನೆ ಮತ್ತು ಕೊಲೆಯನ್ನು ಒಂದೇ ಚೌಕಟ್ಟಿನಲ್ಲಿ ಪೋಣಿಸುವ ಚಾಳಿ ನಮ್ಮ ಸಿನಿಮಾಗಳಿಗೆ ಅಂಟಿದ ರೋಗ. ಆದರೆ ಆ ಚಿತ್ರದ ಇನ್ನೊಂದು ಹುಳುಕಿನ ಬಗ್ಗೆ ಆಗ ಯಾರೂ ಬೀದಿಗಿಳಿಯಲಿಲ್ಲ. ಅದರಲ್ಲಿ ನಾಯಕ ಮೊದಲು ಕಾಣಿಸಿಕೊಳ್ಳುವುದು ಹೆಣ್ಣಿಗನಂತೆ ಒನೆಯುವ ಕಥಕ್ ನೃತ್ಯ ಗುರುವಾಗಿ. ಹೆಂಡತಿಗೂ ಅವನೆಂದರೆ ಬೇಸರ. ಮುಂದೆ ಒಂದು ಗೋದಾಮಿನಲ್ಲಿ ಅವನು ಕೈಕಟ್ಟು ಬಿಡಿಸಿಕೊಂಡು ಕ್ಷಣದಲ್ಲಿ ಹಲವರನ್ನು ಕೊಂದುಹಾಕಿದಾಗ ಟಾಕೀಸಿನ ತುಂಬ ಶಿಳ್ಳೆ. ಹೆಣ್ತನ ಕಳಚಿ ಬಿಸಾಡಬೇಕಾದ ವೇಷ, ಕೊಲ್ಲುವ ಕೈ ಅಸಲಿ ಮನುಷ್ಯ ಎಂಬುದು ಆ ಶಿಳ್ಳೆಯ ಅರ್ಥ. ಖಳರ ಸಂಚು ಸೀಸಿಯಂ ಎಂಬ ವಿಕಿರಣ ವಸ್ತುವಿನ ಬಾಂಬನ್ನು ನ್ಯೂಯಾರ್ಕಿನಲ್ಲಿ ಸಿಡಿಸುವುದು. ಆ ಹೆಂಡತಿಯೋ, ವಿಕಿರಣದಿಂದ ಕ್ಯಾನ್ಸರ್ ಗುಣಪಡಿಸುವ ವೈದ್ಯೆ. ಕೊನೆಗೆ ಅಡಿಗೆಮನೆಯ ಮೈಕ್ರೋವೇವ್ ಒಲೆಯನ್ನು ಬಾಂಬಿನ ಮೇಲೆ ಕವಿಚಿ ಮೊಬೈಲ್ ಸಂಕೇತ ತಲುಪದಂತೆ ಮಾಡುವ ಉಪಾಯವೂ ಅವಳದೇ. ಊರನ್ನು ಉಳಿಸಿದ್ದು ಅವಳ ವಿದ್ಯೆ. ಪೋಸ್ಟರಿನ ತುಂಬ ಮಾತ್ರ ಅವನ ಮುಖ.

ನಮ್ಮ ಸಮುದಾಯದ ಗೌರವಕ್ಕಾಗಿ ದನಿಯೆತ್ತಿದ ಸಂಘಟನೆಗಳು ಹೆಣ್ಣಿನ ಗೌರವದ ಈ ಪ್ರಶ್ನೆಯನ್ನೂ ಎತ್ತಿದ್ದರೆ, ನಮ್ಮ ಮೊದಲ ದೂರಿಗೂ ಹೆಚ್ಚು ತೂಕ ಬರುತ್ತಿತ್ತು ಎಂಬುದು ನಮ್ಮ ನಂಬಿಕೆ.

ಬೂದಿ ಬಿದ್ದದ್ದು ಯಾರ ಮೇಲೆ?

ಹಿರೋಶಿಮಾದಲ್ಲಿ 1945ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000. ನಾಗಸಾಕಿಯಲ್ಲಿ 70,000ಕ್ಕೂ ಹೆಚ್ಚು. ಸತ್ತವರಲ್ಲಿ ಬೆಂಕಿ ಹರಡದಂತೆ ಮನೆಗಳನ್ನು ಕೆಡವುವ ಕೆಲಸಕ್ಕೆ ಹಚ್ಚಿದ್ದ ಶಾಲಾ ಬಾಲಕಿಯರು ದೊಡ್ಡ ಸಂಖ್ಯೆಯಲ್ಲಿದ್ದರು. ಬದುಕುಳಿದ ಹೆಣ್ಣುಮಕ್ಕಳಿಗೆ ಮದುವೆಯ ಸಂಬಂಧ ಕುದುರಲಿಲ್ಲ. ಇವರ ಹೊಟ್ಟೆಯಲ್ಲಿ ಎಂಥ ಮಗು ಹುಟ್ಟುತ್ತದೋ ಎಂದು ಜನ ಹೆದರಿದರು. ಸಂಬಂಧ ಮುರಿದುಬಿದ್ದ ಹೆಣ್ಣಿನ ಮನೆಯ ಮೌನ ಎಂಥದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಪ್ರಮಾಣದ ವಿಕಿರಣ ತಾಗಿದರೂ ಗಡ್ಡೆಯ ಕ್ಯಾನ್ಸರಿನ ಅಪಾಯ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂದು ಅಲ್ಲಿಯ ಬದುಕುಳಿದವರ ಅಧ್ಯಯನವೇ ತೋರಿಸಿಕೊಟ್ಟಿತು. ಆದರೆ ವಿಕಿರಣದ ಲೆಕ್ಕಾಚಾರಕ್ಕೆ ತಜ್ಞರು ದಶಕಗಳ ಕಾಲ ಮಾದರಿಯಾಗಿ ಇಟ್ಟುಕೊಂಡದ್ದು 20ರಿಂದ 30 ವರ್ಷ ವಯಸ್ಸಿನ, 70 ಕೆ.ಜಿ. ತೂಕದ ಬಿಳಿಯ ಗಂಡಸನ್ನು. ಬಸುರಿಯಾಗಲಿ, ಹಾಲೂಡಿಸುವ ತಾಯಿಯಾಗಲಿ, ನಮ್ಮ ಗದ್ದೆಯಲ್ಲಿ ಬಾಗಿ ನಾಟಿ ಹಾಕುವ ಹೆಣ್ಣುಮಗಳಾಗಲಿ ಆ ಮಾದರಿಯೊಳಗೆ ಇರಲಿಲ್ಲ. ಸಿನಿಮಾದ ಚೌಕಟ್ಟು, ವಿಜ್ಞಾನದ ಚೌಕಟ್ಟು ಎರಡೂ ಒಂದೇ ಅಳತೆಯವು.

‘ಬಾರ್ಬೆನ್‌ಹೈಮರ್’ ತಮಾಷೆಯಲ್ಲಿ ಬಾರ್ಬಿಯ ತಲೆಗೂದಲನ್ನು ಅಣಬೆ ಮೋಡವಾಗಿಸಿದ ಚಿತ್ರಗಳು ಹರಿದಾಡಿದಾಗ ಜಪಾನಿನ ಜನ ಸಿಟ್ಟಾದರು. ಅದನ್ನು ಮೆಚ್ಚಿಕೊಂಡಿದ್ದ ಅಮೆರಿಕದ ಚಿತ್ರ ಕಂಪೆನಿ ಕ್ಷಮೆ ಕೇಳಬೇಕಾಯಿತು. ‘ಓಪನ್‌ಹೈಮರ್’ ಜಪಾನಿನಲ್ಲಿ ತೆರೆಕಂಡದ್ದು ಎಂಟು ತಿಂಗಳು ತಡವಾಗಿ, 2024ರ ಮಾರ್ಚ್ 29ರಂದು. ಬಾಂಬಿಗೆ ಬಲಿಯಾದವರಿಗೆ ಅದು ಯಾವತ್ತೂ ತಮಾಷೆಯಾಗಿರಲಿಲ್ಲ.

ಇದೆಲ್ಲ ದೂರದ ಮಾತಲ್ಲ. 1997ರವರೆಗೆ ನಮ್ಮ ದಾವಣಗೆರೆ ಇದ್ದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಚಳ್ಳಕೆರೆ ಬಳಿ, ಟಿಪ್ಪು ಸುಲ್ತಾನ್ ಹೆಸರಿಟ್ಟ ಅಮೃತ್ ಮಹಲ್ ರಾಸುಗಳು ಮೇಯುತ್ತಿದ್ದ ಕಾವಲಿನ ಹುಲ್ಲುಗಾವಲಿದೆ. ಅದರಲ್ಲಿ 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಯಿತು. ಯುರೇನಿಯಂ ಸಂವರ್ಧನೆಯ ಘಟಕ ಅಲ್ಲಿಯ ಯೋಜನೆ. ರಕ್ಷಣಾ ಸಂಶೋಧನೆಗೆ 4,290 ಎಕರೆ ಬೇರೆ. ಕುರಿ ಮೇಯಿಸಿ, ಉಣ್ಣೆ ನೂತು, ಕಂಬಳಿ ನೇಯ್ದು ಬದುಕುತ್ತಿದ್ದ ಮನೆಗಳವರು ಒಂದು ದಿನ ತಮ್ಮ ಕಾವಲಿನ ಸುತ್ತ ಗೋಡೆ ಏಳುವುದನ್ನು ಕಂಡರು. ಮೊದಲು ಯಾರೂ ಅವರನ್ನು ಕೇಳಿರಲಿಲ್ಲ. ಉಣ್ಣೆ ನೂಲುವ ಕೈ ಹೆಚ್ಚಾಗಿ ಹೆಂಗಸಿನದು. ಹುಲ್ಲುಗಾವಲು ಹೋದರೆ ಮೊದಲು ಖಾಲಿಯಾಗುವುದು ಆ ಕೈ.

ಕಾಳಿ ನದಿಯ ದಂಡೆಯ ಕೈಗಾದ ಕಥೆ ಇನ್ನೂ ಹಳೆಯದು. ಡಾ. ಶಿವರಾಮ ಕಾರಂತರು 1989ರಲ್ಲಿ ಕೈಗಾ ವಿರೋಧವನ್ನೇ ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತದ್ದು ಹಲವರಿಗೆ ನೆನಪಿದೆ. ಆ ಹೋರಾಟವನ್ನು ಹೆಗಲ ಮೇಲೆ ಹೊತ್ತಿದ್ದ ಹೊನ್ನಾವರ ಕಾಸರಕೋಡಿನ ವೈದ್ಯೆ ಡಾ. ಕುಸುಮಾ ಸೊರಬ ಎಷ್ಟು ಮಂದಿಗೆ ನೆನಪಿದ್ದಾರೆ? ‘ಸ್ನೇಹಕುಂಜ’ದ ಮೂಲಕ ಹಳ್ಳಿಗರ ಕಾಯಿಲೆಗೆ ಮದ್ದು ಕೊಡುತ್ತಿದ್ದ ಈ ಹೆಣ್ಣುಮಗಳು, ಕಾಯಿಲೆ ಬರದಂತೆ ತಡೆಯುವುದೂ ವೈದ್ಯರ ಕೆಲಸವೆಂದು ಕೈಗಾ ವಿರುದ್ಧ ನಡೆದರು, ಭಾಷಣ ಮಾಡಿದರು, ಜನರನ್ನು ಒಗ್ಗೂಡಿಸಿದರು. 1994ರ ಮೇ 13ರಂದು ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಕಾಂಕ್ರೀಟು ಕುಸಿದುಬಿತ್ತು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಯಂತ್ರಕ್ಕೆ ಯಾರೋ ಟ್ರಿಟಿಯಂ ಬೆರೆಸಿ 50ಕ್ಕೂ ಹೆಚ್ಚು ನೌಕರರ ಮೈಗೆ ಅದು ಸೇರಿತು. ಒಂದು ಸಿನಿಮಾಕ್ಕೆ ಇನ್ನೇನು ಬೇಕು? ನದಿಯಿದೆ, ಕಾಡಿದೆ, ಚುನಾವಣೆಯಿದೆ, ಕುಸಿದ ಗುಮ್ಮಟವಿದೆ, ಸರ್ಕಾರಕ್ಕೆ ಹೆದರದ ಡಾಕ್ಟರಮ್ಮ ಇದ್ದಾರೆ. ಆದರೂ ನಮ್ಮ ಜನಪ್ರಿಯ ಸಿನಿಮಾದವರಿಗೆ ಈ ದಾರಿ ರುಚಿಸುವುದಿಲ್ಲ. ತಮಿಳುನಾಡಿನ ಕೂಡಂಕುಳಂ ಸ್ಥಾವರದ ವಿರುದ್ಧ 2011ರಿಂದ ಉಪವಾಸ ಕೂತು, ಕಡಲಿಗಿಳಿದು, ಜೈಲಿಗೂ ಹೋದ ಇಡಿಂತಕರೈನ ಬೆಸ್ತರ ಹೆಂಗಸರದೂ ಇದೇ ಪಾಡು.

ಆಕ್ಷೇಪಗಳಿಗೆ ಉತ್ತರ

‘ಓಪನ್‌ಹೈಮರ್’ ಬಾಂಬಿನ ವಿರುದ್ಧದ ಸಿನಿಮಾ, ಅದರ ನಾಯಕ ಪಶ್ಚಾತ್ತಾಪ ಪಡುತ್ತಾನಲ್ಲ ಎನ್ನುವವರಿದ್ದಾರೆ. ನಿಜ, ಪಡುತ್ತಾನೆ. ಆದರೆ ಮೂರು ಗಂಟೆಯ ಚಿತ್ರ ಸುಟ್ಟವನ ಮನಸ್ಸಿನ ಉರಿಯನ್ನು ತೋರಿಸಿತೇ ಹೊರತು ಸುಟ್ಟುಹೋದವರ ಊರನ್ನು ಒಮ್ಮೆಯೂ ತೋರಿಸಲಿಲ್ಲ. ಕೊಲೆಗಾರನ ನಿಟ್ಟುಸಿರನ್ನು ಕೇಳಿ ಕಣ್ಣೊರೆಸಿಕೊಂಡು ಮನೆಗೆ ಹೋಗುವುದು ನ್ಯಾಯವಲ್ಲ.

ಅಣುಬಾಂಬು ಬೇರೆ, ಅಣುವಿದ್ಯುತ್ ಬೇರೆ ಎನ್ನುವವರೂ ಇದ್ದಾರೆ. ಕೈಗಾದ ನಾಲ್ಕು ಘಟಕಗಳು 880 ಮೆಗಾವಾಟ್ ಸಾಮರ್ಥ್ಯದವು. ನಮ್ಮ ರೈಸ್ ಮಿಲ್ಲು, ಪಂಪ್‌ಸೆಟ್ಟುಗಳಿಗೆ ಕರೆಂಟು ಬೇಕೇ ಬೇಕು. ಬೇಡವೆಂದು ನಾವೂ ಹೇಳುವುದಿಲ್ಲ. ಆದರೆ ಬೇಕು ಎನ್ನುವವರೂ ಬೇಡ ಎನ್ನುವವರೂ ಸೇರಿ ಲೆಕ್ಕ ಹಾಕುವ ಸಭೆಯಲ್ಲಿ, ಗೋಡೆಯಾಚೆ ಉಳಿದ ಕುರಿಗಾಹಿ ಹೆಂಗಸಿಗೂ ಒಂದು ಕುರ್ಚಿ ಇರಬೇಕು. ಆ ಕುರ್ಚಿ ಬೇಡವೆಂಬ ಮನೋಭಾವವನ್ನು ಬೆಳೆಸುವುದರಲ್ಲಿ, ಅಣು ಗಂಡಸರ ಗಂಭೀರ ವಿಷಯ ಎಂದು ದಿನಬೆಳಗಾದರೆ ಕಲಿಸುವ ಸಿನಿಮಾದ ಪಾಲು ದೊಡ್ಡದು.

ಇನ್ನು, ಇವೆಲ್ಲ ಹೆಂಗಸರಿಗೆ ತಿಳಿಯುವ ವಿಷಯವಲ್ಲ ಎನ್ನುವವರಿಗೆ ನಮ್ಮೂರಿನ ಉತ್ತರವಿದೆ. ಸುಮಾರು ಮುನ್ನೂರು ವರ್ಷದ ಹಿಂದೆ ಮಲೆಬೆನ್ನೂರಿಗೆ ಸೊಸೆಯಾಗಿ ಬಂದ ಹೆಳವನಕಟ್ಟೆ ಗಿರಿಯಮ್ಮ, ಪಕ್ಕದ ಕೊಮಾರನಹಳ್ಳಿಯ ರಂಗನಾಥನ ಅಂಕಿತದಲ್ಲಿ ಹಾಡು ಕಟ್ಟಿದಳು, ಚಂದ್ರಹಾಸನ ಕಥೆ ಬರೆದಳು. ಸಂಸಾರದ ಕಟ್ಟಿಗೆ ಸಿಗದೆ ತನ್ನ ದಾರಿ ಹಿಡಿದಳು. ಆ ಕಥೆಯಲ್ಲಿ ವಿಷ ಕೊಡಿಸುವ ಕಾಗದ ಬರೆಯುವವನು ಅಧಿಕಾರದಲ್ಲಿರುವ ಮಂತ್ರಿ. ಒಂದಕ್ಷರ ತಿದ್ದಿ ಸಾವನ್ನು ಮದುವೆಯಾಗಿಸುವವಳು ಅವನ ಮಗಳು ವಿಷಯೆ. ಅಧಿಕಾರದ ಕಾಗದವನ್ನು ಓದಬಲ್ಲ, ತಿದ್ದಬಲ್ಲ ಹೆಣ್ಣು ನಮ್ಮ ನೆಲದ ಕಥೆಗಳಿಗೆ ಹೊಸಬಳಲ್ಲ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮುಂದೆ ಅಣುವಿನ ಬಗ್ಗೆ ಸಿನಿಮಾ ಬಂದಾಗ, ಹೆಣ್ಣಿನ ಸೆರಗು ಎಷ್ಟು ಜಾರಿದೆ ಎಂದು ಅಳೆಯುವ ಮೊದಲು, ಬೂದಿ ಯಾರ ಮೇಲೆ ಬಿತ್ತೆಂದು ತೋರಿಸಿದ್ದಾರೆಯೇ ಎಂದು ಕೇಳೋಣ. ಧರ್ಮಗ್ರಂಥಗಳ ಮರ್ಯಾದೆಗಾಗಿ ಬೀದಿಗಿಳಿಯುವವರು, ಆ ಗ್ರಂಥಗಳ ಮಾತನ್ನು ಬಾಂಬಿಗೆ ಕಟ್ಟಿದಾಗಲೂ ಇಳಿಯಲಿ. ಕನ್ನಡದ ನಿರ್ದೇಶಕರಲ್ಲಿ ಯಾರಾದರೂ ಒಬ್ಬರು ಕೈಗಾಕ್ಕೆ, ಚಳ್ಳಕೆರೆಯ ಕಾವಲಿಗೆ ಕ್ಯಾಮೆರಾ ಹೊತ್ತು ಹೋಗಲಿ. ಹಯಾ, ನಾಚಿಕೆ, ಮಾನ ಎಂಬ ಪದಗಳನ್ನೆಲ್ಲ ಇಷ್ಟು ಕಾಲ ಹೆಣ್ಣಿನ ಮೈಮೇಲೆಯೇ ಹೇರಿದ್ದೇವೆ. ಲಕ್ಷಾಂತರ ಜನರನ್ನು ಒಂದೇ ಬೆಳಕಿನಲ್ಲಿ ಸುಡಬಲ್ಲ ವಸ್ತುವನ್ನು ಕಂಡು ಹೆಮ್ಮೆಪಡುವವರಿಗೂ ಅವನ್ನು ಒಂದಿಷ್ಟು ಹಂಚುವ ಕಾಲ ಬಂದಿದೆ.